ಗೋವಾದ ಆರಂಬೋಲ್ ಸಿಹಿನೀರ ಕೆರೆಗೆ ಮಕ್ಕಳು, ಅತ್ತೆ ಜೊತೆ ಹೋಗಬಹುದಾ? ಹೋದವರು ಅನುಭವ ಹೇಳಿ

ವಾಸ್ಕೋ ಸೊಸೆ:
ಎಲ್ಲರಿಗೂ ನಮಸ್ಕಾರ. ಊರು ರಾಣೆಬೆನ್ನೂರು, ಈಗ ನಾಲ್ಕು ವರ್ಷದಿಂದ ವಾಸ್ಕೋ. ದೀಪಾವಳಿ ಆದ್ಮೇಲೆ ಅತ್ತೆ ಬರ್ತಿದ್ದಾರೆ. ಮಗನಿಗೆ ಏಳು, ಮಗಳಿಗೆ ಮೂರೂವರೆ. ಬೋಗಮಾಳೋದಲ್ಲಿ ಒಂದು ಸಲ ಅಲೆ ಮೈಮೇಲೆ ಬಂದು ಉರುಳಿಸಿದಾಗಿಂದ ಮಗಳು ಸಮುದ್ರ ಅಂದ್ರೆ ಸಾಕು, ಸೆರಗು ಬಿಡಲ್ಲ. ಆರಂಬೋಲ್‌ನಲ್ಲಿ ಸಮುದ್ರದ ಪಕ್ಕದಲ್ಲೇ ಸಿಹಿನೀರ ಕೆರೆ ಇದೆ, ಅಲೆ ಇಲ್ಲ, ಟಿಕೆಟ್ಟೂ ಇಲ್ಲ, ಫ್ರೀ ಅಂದ್ರು. ಎರಡೇ ಪ್ರಶ್ನೆ. ನೀರು ಮಕ್ಕಳಿಗೆ ಆಗುತ್ತಾ? ಮಂಡಿನೋವಿರೋ ಅತ್ತೆ ಅಲ್ಲೀತನಕ ನಡೀಬಹುದಾ? ನಮಗೆ ಕಾರಿಲ್ಲ.

ಗಿರಿಜಕ್ಕ, ಮುರ್ಗಾಂವ್:
ಫ್ರೀ ಅಂದವರನ್ನ ಮೊದಲ ನನ್ನ ಕಡೆ ಕಳಸ್ರಿ ತಂಗಿ. ಹ್ವಾದ ಮೇ ತಿಂಗಳದಾಗ ನಾವು ಒಂಬತ್ತು ಮಂದಿ ಹೋಗಿದ್ವಿ, ಬೈಲಹೊಂಗಲದಿಂದ ನಾದಿನಿ ಮನಿಯವ್ರೂ ಬಂದಿದ್ರು. ಡೈರಿಯಾಗ ಲೆಕ್ಕ ಬರದಿಟ್ಟೀನಿ, ಹಂಗ ಇಳಸ್ತೀನಿ. ಟೆಂಪೋ 6,500. ಪಾರ್ಕಿಂಗ್ 150. ಮೀನಿನ ತಾಟು 350ರ ಹಂಗ ಆರು, 2,100. ಹುಡುಗರಿಗೆ ಫ್ರೈಡ್ ರೈಸ್ ಎರಡು, 560. ನಮ್ಮವ್ವ ಮಾತ್ರ ಮನಿಯಿಂದ ತಂದ ಮೊಸರನ್ನ ಉಂಡ್ಲು. ಎಳನೀರು 80ರಂತೆ ಒಂಬತ್ತು, 720. ಗಾಳಿ ತುಂಬೂ ಟ್ಯೂಬ್ ಎರಡು, 800. ಸ್ನಾನ ಮಾಡಿ ಬಟ್ಟಿ ಬದಲಿ ಮಾಡಾಕ ತಲಿಗೆ 30, ಅಲ್ಲಿಗೆ 270. ಒಟ್ಟು 11,100. ಇಷ್ಟಕ್ಕ ಮುಗೀತು ಅಂದ್ಕೊಂಡ್ರೆ ನಮ್ಮನಿಯವ್ರು ಚಷ್ಮಾ ಹಾಕ್ಕೊಂಡ ಮುಳುಗಿದ್ರು. 3,200ರ ಚಷ್ಮಾ. ಹುಡುಗರೆಲ್ಲ ಕಾಲಿಂದ ತಡಕ್ಯಾಡಿ ತಡಕ್ಯಾಡಿ ತಳದ ರಾಡಿ ಎಬ್ಬಿಸಿದ್ರು, ಆಮ್ಯಾಗ ಕೈಯೂ ಕಾಣಲಿಲ್ಲ. 14,300 ಆತು. ಮೇದಾಗ ನೀರು ಇಳದು ಹಸರಗಟ್ಟಿತ್ತು. ಇದು ಫ್ರೀ.

ಕಾರವಾರಿ, ಮಡಗಾಂವ್:
ಅಷ್ಟು ದೂರ ಯಾಕೆ ಸಾಯ್ತೀರಿ ಮಾರಾಯ್ರೆ? ಕಾಣಕೋಣ ತಾಲೂಕಲ್ಲಿ, ಅಗೊಂದಕ್ಕಿಂತ ಸ್ವಲ್ಪ ಮೊದಲು ಕೋಲಾ ಬೀಚ್ ಇದೆ. ಗುಡ್ಡದಿಂದ ಇಳಿಯೋ ಹಳ್ಳಕ್ಕೆ ಸಮುದ್ರದ ಬಾಯಲ್ಲಿ ಮರಳು ಅಡ್ಡ ಬಿದ್ದು ನೀರು ನಿಂತಿರ್ತದೆ, ಎರಡೂ ಕಡೆ ತೆಂಗು. ಈ ಕಡೆ ಸಿಹಿ, ಮರಳು ದಾಟಿದ್ರೆ ಉಪ್ಪು. ಅದರ ಮುಂದೆ ಆರಂಬೋಲ್ ಏನೂ ಅಲ್ಲ. ಒಂದೇ ತೊಂದರೆ, ಕೊನೆಗೆ ಡಾಂಬರು ಮುಗಿದು ಕಲ್ಲುಮಣ್ಣಿನ ಇಳಿಜಾರು ಬರ್ತದೆ. ನಮ್ಮದು ತಗ್ಗು ಗಾಡಿ, ಜೊತೆಗೆ ಐದು ಜನ, ಐಸ್‌ಬಾಕ್ಸ್ ಬೇರೆ. ಕೆಳಗಿಂದ 'ಕಟಕ್' ಅಂತು. ಹೆಂಡತಿ 'ನಿಲ್ಸಿ, ಏನೋ ಆಯ್ತು' ಅಂದ್ಳು. ಕಲ್ಲು ತಾಗಿದ್ದು ಅಷ್ಟೇ ಅಂದೆ. ಸಂಜೆ ಬಂದು ನೋಡಿದ್ರೆ ಗಾಡಿ ಅಡಿಗೆ ಪರಾತದಷ್ಟು ಅಗಲ ಆಯಿಲ್. ಚೇಂಬರ್ 6,400, ಆಯಿಲ್ ಮತ್ತು ಫಿಲ್ಟರ್ 3,100, ಕೂಲಿ 1,500, ಮೇಲೆ ಎಳೆದು ಮಡಗಾಂವ್ ತನಕ ಒಯ್ದವನಿಗೆ 4,000. ಬರೋಬ್ಬರಿ 15,000. ಆದ್ರೂ ಹೇಳ್ತೇನೆ, ಕೋಲಾನೇ.

ಗಿರಿಜಕ್ಕ, ಮುರ್ಗಾಂವ್:
ಚೇಂಬರ್ ಒಡಕೊಂಡು ಬಂದು ಬ್ಯಾರೆಯವರಿಗೆ 'ಕೋಲಾನೇ' ಅಂತೀರಲ್ರೀ! ಆಕಿ ಕಾರಿಲ್ಲ ಅಂತ ಬರದಾಳ, ಓದೀರಿಲ್ಲೋ?

ಕಾರವಾರಿ, ಮಡಗಾಂವ್:
ಚೇಂಬರ್ ಒಡೆದಿದ್ದು ರಸ್ತೇಲಿ, ನೀರಲ್ಲಿ ಅಲ್ಲ. ನಿಮ್ಮ ಯಜಮಾನ್ರು ಚಷ್ಮಾ ತೆಗೀದೆ ಮುಳುಗಿದ್ದನ್ನ ಕೆರೆ ಖಾತೆಗೆ ಬರೀತೀರಿ. ಮನೆ ಬಚ್ಚಲಲ್ಲಿ ಬಿದ್ದು ಒಡೆದಿದ್ರೆ ಬಚ್ಚಲ ಖರ್ಚು 3,200 ಅಂತಿದ್ರೋ? ಟೆಂಪೋ ಬಾಡಿಗೇನೂ ಎಲ್ಲಿಗೆ ಹೋದ್ರೂ ಬೀಳೋದೇ. ಅದೂ ಇದೂ ತೆಗೆದ್ರೆ ನಿಮ್ಮದು ಐದು ಸಾವಿರದ ಒಳಗೆ.

ಪರ್ವರಿ ಅಮ್ಮ:
ಇಬ್ಬರೂ ದುಡ್ಡಿನ ಲೆಕ್ಕ ಹಾಕ್ತಿದ್ದೀರಿ, ನಾನು ಕಿವಿ ಲೆಕ್ಕ ಹೇಳ್ತೀನಿ. ಮೈಸೂರಿನವರು ನಾವು, ಈಜು ಕಲ್ತಿದ್ದು ಕೊಳದಲ್ಲಿ. ಆರಂಬೋಲ್ ಕೆರೇಲಿ ಮಗ ಮೂರು ಗಂಟೆ ಬಿದ್ದಿದ್ದ. ಮಾರನೇ ದಿನ ರಾತ್ರಿ ಎರಡಕ್ಕೆ ಎದ್ದು ಕಿವಿ ಹಿಡ್ಕೊಂಡು ಕಿರುಚಿದ. ಏಳು ದಿನ ದಿನಕ್ಕೆ ಮೂರು ಸಲ ಡ್ರಾಪ್ಸ್, ಸ್ನಾನಕ್ಕೆ ಮುಂಚೆ ಕಿವಿಗೆ ವ್ಯಾಸಲಿನ್ ಹಚ್ಚಿದ ಹತ್ತಿ, ಶಾಲೆಗೆ ನಾಲ್ಕು ದಿನ ರಜೆ. ಅದೇ ವಾರ ಯೂನಿಟ್ ಟೆಸ್ಟ್, ಗಣಿತದಲ್ಲಿ 20ಕ್ಕೆ 6. ಇವತ್ತಿಗೂ ಅತ್ತೆ ಮನೆ ಕಡೆಯವರು 'ನೀನೇ ತಾನೆ ಕರ್ಕೊಂಡ್ ಹೋಗಿದ್ದು' ಅಂತಾರೆ.
ಇನ್ನೊಂದು ಮಾತು. ಅಲೆ ಇಲ್ಲ ಅಂದ್ರೆ ಭಯ ಇಲ್ಲ ಅಂತಲ್ಲ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತೆ, ಮೈ ಕೊಂಚ ಮೇಲೇಳುತ್ತೆ. ಸಿಹಿನೀರಲ್ಲಿ ಆ ಆಸರೆ ಇಲ್ಲ. ಕ್ಯಾಂಡೋಲಿಮ್ ಸಮುದ್ರದಲ್ಲಿ ಆರಾಮಾಗಿ ತೇಲ್ತಿದ್ದ ಮಗ ಇಲ್ಲಿ ಮೊದಲ ಸಲ ಕೈಕಾಲು ಬಡಿದ. ದಡದಲ್ಲಿ ಮೊಣಕಾಲುದ್ದ, ಐದಾರು ಹೆಜ್ಜೆಗೆ ನನ್ನ ಎದೆಯುದ್ದ. ನೋಡೋಕೆ ಬೋಗುಣಿ ಥರ ಶಾಂತ, ಅದಕ್ಕೇ ದೊಡ್ಡವರು ಮೊಬೈಲ್ ನೋಡ್ತಾ ಕೂತ್ಬಿಡ್ತಾರೆ. ನಾವೀಗ ಪಣಜಿಯ ಕಂಪಾಲ್ ಈಜುಕೊಳಕ್ಕೆ ಹೋಗೋದು. ದುಡ್ಡು ಹೋದ್ರೂ ತಳ ಕಾಣುತ್ತೆ.

ಮಾಪ್ಸಾ ಅಂಗಡಿಯವ:
ಕಿವಿ ನೋವಿಗೆ ಕಾರಣ ಬೇಕಾ ಅಕ್ಕಾ? ಭಾನುವಾರ ಹೋಗಿ ನೋಡ್ರಿ. ನಮ್ಮ ಕರ್ನಾಟಕದ ನಂಬರಿನ ಗಾಡಿಗಳು ಸಾಲುಸಾಲು, ಡಿಕ್ಕಿಯಾಗ ಸಿಲಿಂಡರು, ಕುಕ್ಕರು, ಒಂದು ಮೂಟೆ ಉಳ್ಳಾಗಡ್ಡಿ. ತಿಂದ ತಾಟು ಅದೇ ನೀರಾಗ ತೊಳೀತಾರ. ನಾನು ಇಪ್ಪತ್ತೆರಡು ವರ್ಷದಿಂದ ಇಲ್ಲಿ ಅಂಗಡಿ ಇಟ್ಟೀನಿ. ಗಿರಾಕಿ 'ತುಮಚೆ ಲೋಕ್', ಅಂದ್ರ 'ನಿಮ್ಮ ಮಂದಿ' ಅಂತ ಶುರು ಮಾಡಿದ್ರೆ ತಲಿ ಕೆಳಗ ಹಾಕ್ಕೊಂಡು ಸಕ್ಕರಿ ತೂಗ್ತೀನಿ. 2019ರಾಗ ಕಾನೂನು ಬಂತು. ಬೀಚಿನಾಗ ಅಡಗಿ ಮಾಡಿದ್ರ, ಕುಡದ್ರ ಒಬ್ಬರಿಗೆ 2,000, ಗುಂಪಾದ್ರ 10,000 ದಂಡ ಅಂತ ಆಗ ಇಟ್ಟಿದ್ರು.

ಬೆಳಗಾವಿ ಬುಲೆಟ್:
ಆ ಹತ್ತು ಸಾವಿರ ಕಟ್ಟಿದವ ನಾನ ರೀ. ಅಡಗಿ ಅಲ್ಲ, ಬರೇ ಅವಲಕ್ಕಿಗೆ ಒಗ್ಗರಣಿ. ಎಣ್ಣಿ ಕಾದು ಸಾಸಿವಿ ಚಟಪಟ ಅಂದಿದ್ದಷ್ಟ, ಹಿಂದ ಬಂದು ನಿಂತಿದ್ರು. ಎಂಟು ಮಂದಿ ಹಂಚ್ಕೊಂಡ್ವಿ, ತಲಿಗೆ 1,250. ಅದರಾಗ ಇಬ್ಬರು ಇನ್ನೂ ನನಗ ಕೊಟ್ಟಿಲ್ಲ, ಇದೇ ಗುಂಪಿನಾಗ ಅದಾರ, ಓದ್ತಿರಬಹುದು. ಆದ್ರ ಎಲ್ಲಾ ಹೊಲಸು ಕರ್ನಾಟಕದವ್ರದ ಅಂದ್ರ ಒಪ್ಪಂಗಿಲ್ಲ. ನಾವು ಎರಡು ಚೀಲ ಕಸ ತುಂಬ್ಕೊಂಡು ಬಂದೀವಿ, ಅದರಾಗ ಒಂದು ನಮ್ಮದಲ್ಲ.

ಮಾಪ್ಸಾ ಅಂಗಡಿಯವ:
'ಬರೇ ಒಗ್ಗರಣಿ'ಗೆ ಗ್ಯಾಸ್ ಒಲಿ ಹೊತ್ಕೊಂಡು ಗುಡ್ಡ ಹತ್ತೀರಿ?

ಬೆಳಗಾವಿ ಬುಲೆಟ್:
ಅಂಗಡಿಯಾಗ ಒಂದು ಪ್ಲೇಟ್ ಅವಲಕ್ಕಿ 120 ತಗೊಂಡ್ರ ಏನ್ ಮಾಡೋದ್ರೀ? ನಿಮ್ಮಂಥವರ ಸಲುವಾಗೇ ಹೊರಬೇಕಾಗೇತಿ.

ಹಳೇ ಪಣಜಿಗ:
ನಾನು ಈ ಕೆರೆ ನೋಡಿದ್ದು 1996ರಲ್ಲಿ. ಆಗ ಆ ಕಲ್ಲುದಾರೀಲಿ ನಾನು ಕಂಡಿದ್ದು ಒಂದು ಚಹಾ ಗೂಡು. ಈಗ ಎರಡೂ ಕಡೆ ಪರದೆ ಕಟ್ಟಿದ ಹಾಗೆ ಅಂಗಡಿ. ಊರವರಿಗೆ ಇದು ಆರಂಬೋಲ್ ಅಲ್ಲ, ಹರಮಲ. ಕೆರೆ ದಾಟಿ ಹಳ್ಳ ಹಿಡಿದು ಕಾಡಿನೊಳಗೆ ಹೋದ್ರೆ ಹಳದಿ ಮಣ್ಣು, ಅದನ್ನು ಮೈಗೆ ಬಳ್ಕೊಂಡು ಒಣಗೋತನಕ ಕೂತಿರೋ ವಿದೇಶಿಯರು, ಇನ್ನೂ ಮುಂದೆ ದೊಡ್ಡ ಆಲದ ಮರ. ಒಂದು ತಿದ್ದುಪಡಿ. ಕಾರವಾರಿಯವರು ಹೇಳಿದಂಥ ಹಳ್ಳದ ಬಾಯಿಗೆ ಕೆರೆ ಅನ್ನೋದು ತಪ್ಪು. ಅದು ಅಳಿವೆ.

ಕಾರವಾರಿ, ಮಡಗಾಂವ್:
ಅಳಿವೆ ಅಂದ್ರೆ ಹೊಳೆ ಸಮುದ್ರ ಸೇರೋ ಜಾಗ ಸರ್. ಕಾಳಿಗೆ ಅಳಿವೆ ಇದೆ, ಗಂಗಾವಳಿಗೆ ಇದೆ. ದೋಣಿ ಹೋಗದ ಹಳ್ಳಕ್ಕೆ ಅಳಿವೆ ಅಂದ್ರೆ ನಮ್ಮೂರ ಮೀನುಗಾರರು ನಗ್ತಾರೆ. ಮತ್ತೆ ನಾನು ಕೆರೆ ಅಂತ ಎಲ್ಲಿ ಬರೆದೆ?

ಹಳೇ ಪಣಜಿಗ:
ಶೀರ್ಷಿಕೆಯಲ್ಲೇ ಇದೆ.

ಕಾರವಾರಿ, ಮಡಗಾಂವ್:
ಶೀರ್ಷಿಕೆ ನನ್ನದಲ್ಲ!

ವಾಸ್ಕೋ ಸೊಸೆ:
ಶೀರ್ಷಿಕೆ ನಂದು, ತಪ್ಪಾಗಿದ್ರೆ ಕ್ಷಮಿಸಿ. ನಿಮ್ಮಷ್ಟಕ್ಕೆ ನೀವು ಜಗಳ ಆಡ್ತಿದ್ದಾಗ ನಾವು ಹೋಗಿ ಬಂದ್ವಿ. ಮೂರು ಬಸ್ಸು, ಪಣಜಿಗೊಂದು, ಮಾಪ್ಸಾಕ್ಕೊಂದು, ಅಲ್ಲಿಂದ ಆರಂಬೋಲ್‌ಗೊಂದು. ಬೆಳಿಗ್ಗೆ ಆರಕ್ಕೆ ಬಿಟ್ಟು ಒಂಬತ್ತೂವರೆಗೆ ಮರಳಿನ ಮೇಲೆ. ಬೀಚಿನ ಉತ್ತರದ ತುದಿಯಿಂದ ಬಂಡೆ ಬಳಸಿ ಕಾಲುದಾರಿ, ಮೆಟ್ಟಿಲೂ ಇದೆ ಕಲ್ಲೂ ಇದೆ, ಒಂದೂ ಒಂದೇ ಎತ್ತರ ಇಲ್ಲ. ನಮಗೆ ಹದಿನೈದು ನಿಮಿಷದ ದಾರಿ. ಅತ್ತೆ ಹತ್ತನೇ ಮೆಟ್ಟಿಲಿಗೆ 'ನೀವು ಹೋಗ್ರವ್ವಾ' ಅಂದು ಒಂದು ಅಂಗಡಿ ಮುಂದೆ ಕೂತ್ಬಿಟ್ರು. ಸರ, ಕಾಲ್ಗೆಜ್ಜೆ ಮಾರೋ ಲಂಬಾಣಿ ಅಜ್ಜಿ, ಗದಗಿನ ಕಡೆ ತಾಂಡಾದವರು. ಮಧ್ಯಾಹ್ನ ವಾಪಸ್ ಬಂದ್ರೆ ಅತ್ತೆ ಕಾಲು ಚಾಚಿ, ಕನ್ನಡಿ ಚೂರು ಹೊಲಿದ ಕುಪ್ಪಸ ಮಡಿಲಲ್ಲಿಟ್ಕೊಂಡು, ಆಕೆ ಮಗಳ ಬಾಣಂತನಕ್ಕೆ ಏನೇನು ಕೊಡಬೇಕು ಅಂತ ಹೇಳ್ತಾ ಇದ್ರು. ಇಬ್ಬರೂ ಒಂದೇ ಎಲೆಅಡಿಕೆ ಚೀಲದಿಂದ ಹಾಕ್ಕೊಂಡಿದ್ರು. ಕೆರೆ ಅವರು ನೋಡ್ಲೇ ಇಲ್ಲ.
ನೀರು ತುಂಬಿತ್ತು, ಹಸಿರೇನಿರಲಿಲ್ಲ, ತಣ್ಣಗಿತ್ತು. ಮಗಳು ಅರ್ಧ ಗಂಟೆ ದಡದಲ್ಲೇ ನಿಂತು ಹೆಬ್ಬೆರಳು ಅದ್ದಿ ತೆಗೆದು ಮಾಡಿದ್ಳು. ಆಮೇಲೆ ಸೊಂಟದ ತನಕ ಬಂದು, 'ಅಮ್ಮಾ, ಇದು ಓಡಿ ಬರಲ್ಲ' ಅಂದ್ಳು. ಮಗನ ತೋಳು ಅವರಪ್ಪ ಒಂದು ಕ್ಷಣ ಬಿಡಲಿಲ್ಲ, ಪರ್ವರಿ ಅಮ್ಮನ ಮಾತು ಓದಿ ಹೆದರಿದ್ರು. ಕಿವಿಗೆ ಹತ್ತಿನೂ ಇಟ್ಟಿದ್ವಿ. ಬುತ್ತಿ ರೊಟ್ಟಿ, ಶೇಂಗಾ ಚಟ್ನಿ. ಒಗ್ಗರಣೆ ಹಾಕಲಿಲ್ಲ.

ಪರ್ವರಿ ಅಮ್ಮ:
ಹತ್ತಿ ಅಲ್ಲ, ವ್ಯಾಸಲಿನ್ ಹಚ್ಚಿದ ಹತ್ತಿ. ಅದೂ ಸ್ನಾನಕ್ಕೆ ಅಂದಿದ್ದು. ಬರೀ ಹತ್ತಿ ನೀರು ಹೀರ್ಕೊಂಡು ಒಳಗೇ ಇಟ್ಕೊಳುತ್ತೆ. ರಾತ್ರಿ ನೋಡ್ಕೊಳ್ಳಿ.

ಕಾರವಾರಿ, ಮಡಗಾಂವ್:
ಮೂರು ಬಸ್ಸು ಹತ್ತೋ ಬದಲು ಕೋಲಾಕ್ಕೆ ಒಂದು ಜೀಪು ಮಾಡಿದ್ರೆ ಆಗ್ತಿತ್ತು. ನಿಮ್ಮಿಷ್ಟ.

ಗಿರಿಜಕ್ಕ, ಮುರ್ಗಾಂವ್:
ಚೊಲೋ ಆತು ತಂಗಿ. ಒಂದು ಕೇಳತೀನಿ, ಬ್ಯಾಸರ ಮಾಡ್ಕೋಬ್ಯಾಡ. ಬಲಕ್ಕ ದೊಡ್ಡ ಬಂಡಿಗಲ್ಲು ಐತಲ್ಲ, ಅದರ ಬುಡದಾಗ ಕಪ್ಪು ಫ್ರೇಮಿನ ಚಷ್ಮಾ ಏನರ ಕಂಡಿತ್ತೇನು?