ಸೆಕೆಯೇ ಇರಲಿಲ್ಲ, ಆದರೂ ಚರ್ಮ ಸುಟ್ಟಿದೆ. ಹೇಗೆ?

ನಿನ್ನೆ ಬೆಟ್ಟ ಹತ್ತಿ ಬಂದೆ. ತೆಳುವಾಗಿ ಮೋಡ ಇತ್ತು, ತಣ್ಣನೆ ಗಾಳಿ ಬೇರೆ. ರಾತ್ರಿ ಕುತ್ತಿಗೆ, ಕಿವಿ ಎಲ್ಲ ಉರಿ. ಬಿಸಿಲಿಲ್ಲದೆ ಹೀಗಾಗುತ್ತದಾ? ಅನುಭವ ಇದ್ದವರು ಹೇಳಿ.

— ಆಗುತ್ತದೆ. ಸುಡುವುದು ಕಾವಿನಿಂದ ಅಲ್ಲ, ಕಣ್ಣಿಗೆ ಕಾಣದ ನೇರಳಾತೀತ ಕಿರಣದಿಂದ. ಕಾವಾದರೆ ಚುರುಕ್ ಅನ್ನುತ್ತದೆ, ನೆರಳಿಗೆ ಓಡುತ್ತೇವೆ. ಇದು ಬಿದ್ದದ್ದೇ ಗೊತ್ತಾಗುವುದಿಲ್ಲ, ತೆಳು ಮೋಡ ದಾಟಿ ಆರಾಮಾಗಿ ಬರುತ್ತದೆ, ಬೆಟ್ಟದ ಮೇಲಂತೂ ಪ್ರತಿ 1000 ಮೀಟರ್‌ಗೆ ಶೇಕಡಾ 10ರಷ್ಟು ಜಾಸ್ತಿ. ನಾನೊಮ್ಮೆ ಅರ್ಧ ದಿನ ನೀರಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ, ತಂಪಾಗಿತ್ತು ಅಂತ. ನೀರೊಳಗೂ ಆ ಕಿರಣ ಇಳಿಯುತ್ತದೆ ಅಂತ ಯಾರಿಗೆ ಗೊತ್ತಿತ್ತು! ಮಾರನೆ ದಿನ ಪಾದದ ಮೇಲೆ ಚಪ್ಪಲಿ ಪಟ್ಟಿಯ ಗೆರೆ ಬಿಟ್ಟು ಉಳಿದದ್ದೆಲ್ಲ ಕೆಂಪು, ಕಾಲುಚೀಲ ತಾಗಿದರೂ ಜೀವ ಹೋದ ಹಾಗೆ. ವಾರದ ಮೇಲೆ ಈರುಳ್ಳಿ ಸಿಪ್ಪೆ ಥರ ಸುಲಿಯಿತು.

— ಆ ಸುಲಿಯುವುದು ಸುಮ್ನೆ ಅಲ್ಲ. ಕಿರಣ ಜೀವಕೋಶದೊಳಗಿನ ಡಿಎನ್ಎಗೇ ಪೆಟ್ಟು ಕೊಡುತ್ತದೆ. ಸ್ವಲ್ಪ ಕೆಟ್ಟಿದ್ದರೆ ದೇಹ ರಿಪೇರಿ ಮಾಡಿಕೊಳ್ಳುತ್ತದೆ. ಜಾಸ್ತಿ ಕೆಟ್ಟ ಕೋಶ ತಾನೇ ಸಾಯುತ್ತದೆ, ಅದೇ ಸಿಪ್ಪೆ. ರಿಪೇರಿ ತಪ್ಪಿದ ಕೋಶ ಉಳಿದುಕೊಂಡರೆ ಮುಂದೆ ಎಂದೋ ಕ್ಯಾನ್ಸರ್ ಆಗಬಹುದು. ಕೆಂಪು, ಉರಿ ಜೋರಾಗುವುದು 12ರಿಂದ 24 ಗಂಟೆಯಲ್ಲಿ, ಹಾಗಾಗಿ ಇವತ್ತು ಇನ್ನೂ ಜಾಸ್ತಿ ಅನ್ನಿಸಿದರೆ ಗಾಬರಿ ಬೇಡ. ತಣ್ಣೀರಿನ ಬಟ್ಟೆ ಇಡಿ, ಐಸ್ ಬೇಡ. ಗುಳ್ಳೆ ಎದ್ದರೆ ಒಡೆಯಬೇಡಿ. ಜ್ವರ, ವಾಂತಿ ಬಂದರೆ ಡಾಕ್ಟರ ಹತ್ತಿರ ಹೋಗಿ.

— ಕಪ್ಪು ಚರ್ಮಕ್ಕೆ ಏನೂ ಆಗುವುದಿಲ್ಲ ಅಂತ ನಾನೂ ನಂಬಿದ್ದೆ. ಕೆಂಪು ಎದ್ದು ಕಾಣುವುದಿಲ್ಲ ಅಷ್ಟೇ, ಉರಿ ಚೆನ್ನಾಗೇ ಗೊತ್ತಾಗುತ್ತದೆ.

— ಸನ್‌ಸ್ಕ್ರೀನ್ ಹಚ್ಚಿದ್ರಾ? ನಾನು ಮೊದಲು ಮೂಗಿಗೆ ಶಾಸ್ತ್ರಕ್ಕೆ ಅಂತ ಹಚ್ಚುತ್ತಿದ್ದೆ. ಎಸ್‌ಪಿಎಫ್ (ಕ್ರೀಮು ಬಿಸಿಲನ್ನು ಎಷ್ಟು ತಡೆಯುತ್ತದೆ ಅನ್ನುವ ಅಂಕಿ) ಕಡಿಮೆ ಅಂದರೂ 30 ಇರಬೇಕು, ಧಾರಾಳವಾಗಿ ಹಚ್ಚಬೇಕು, 2 ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ಬೆವರಿದರೆ ಅದಕ್ಕೂ ಮೊದಲೇ. ಕಿವಿ, ಕುತ್ತಿಗೆ ಎಲ್ಲರೂ ಮರೆಯುವ ಜಾಗ. ನನಗೆ ಕ್ರೀಮಿಗಿಂತ ಅಗಲ ಅಂಚಿನ ಟೋಪಿ ಮೇಲೇ ನಂಬಿಕೆ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದರೆ ಕಿರಣ ಜೋರಾಗಿದೆ ಅಂತ ಲೆಕ್ಕ. ಅಂದಹಾಗೆ, ಯಾವುದಾದರೂ ಮಾತ್ರೆ ತಗೊಳ್ಳುತ್ತಿದ್ದೀರಾ? ಡಾಕ್ಸಿಸೈಕ್ಲಿನ್ ಥರದವು ಚರ್ಮ ಬೇಗ ಸುಡುವ ಹಾಗೆ ಮಾಡುತ್ತವೆ.

— ಪ್ರಶ್ನೆ ಕೇಳಿದವನೇ ನಾನು. ಮೊಡವೆಗೆ ಅದೇ ಮಾತ್ರೆ ತಗೊಳ್ಳುತ್ತಿದ್ದೇನೆ, ಮೂರು ವಾರ ಆಯ್ತು! ಡಾಕ್ಟರಿಗೆ ಫೋನ್ ಮಾಡುತ್ತೇನೆ. ಕನ್ನಡಿಯಲ್ಲಿ ನೋಡಿಕೊಂಡೆ, ಕುತ್ತಿಗೆಯಲ್ಲಿ ಬ್ಯಾಗಿನ ಪಟ್ಟಿ ಇದ್ದಷ್ಟು ಜಾಗ ಮಾತ್ರ ಸರಿಯಾಗಿದೆ.