ಮಾಲಕರಿಲ್ಲದ ಪೇಪರು

ಹುಬ್ಬಳ್ಳಿಯ ಚಹಾದಂಗಡಿ ಬೆಂಚಿನ ಮೇಲೆ ಒಂದೇ ‘ಸಂಯುಕ್ತ ಕರ್ನಾಟಕ’, ಓದುವವರು ಮೂವರು. ಕ್ರೀಡಾಪುಟ ಬಸ್ಯಾನ ಕೈಯಲ್ಲಿ, ನಿಧನವಾರ್ತೆ ಮಾಸ್ತರರ ಕೈಯಲ್ಲಿ. ನನ್ನ ಪಾಲಿಗೆ ಟೆಂಡರ್ ಪ್ರಕಟಣೆ.

“ಈ ಪೇಪರಿನ ಮಾಲಕರು ಯಾರ್ರೀ ಮಾಸ್ತರ?”

“ಮಾಲಕರ ಇಲ್ಲ. ಲೋಕ ಶಿಕ್ಷಣ ಟ್ರಸ್ಟ್ ಐತಿ. ಸ್ವಾತಂತ್ರ್ಯ ಹೋರಾಟದ ಮಂದಿ ಬೆಳಗಾವ್ಯಾಗ ಹುಟ್ಟಿಸಿ ಇಲ್ಲಿಗೆ ತಂದ ಪೇಪರಿದು. ಕರ್ನಾಟಕ ಒಂದಾಗಿದ್ದು 1956ಕ್ಕ. ಇವರು ಅದಕ್ಕೂ ಮೊದಲ ‘ಸಂಯುಕ್ತ’ ಅಂತ ಹೆಸರಿಟ್ಟು ಕುಂತಿದ್ರು.”

“ಆಗೂಕ್ಕಿಂತ ಮೊದಲ ಸುದ್ದಿ ಹಾಕಿಬಿಟ್ಟಾರ! ಬ್ರೇಕಿಂಗ್ ನ್ಯೂಸ್ ಅಂದ್ರ ಇದು.”

“ಬಾಕಿಯವಕ್ಕ ಮಾಲಕರದಾರಪಾ. ಬೆಂಗಳೂರಾಗ ಅಬಕಾರಿ ಗುತ್ತಿಗೆದಾರ ಕೆ.ಎನ್. ಗುರುಸ್ವಾಮಿ 1948ರಾಗ ‘ಡೆಕ್ಕನ್ ಹೆರಾಲ್ಡ್’, ‘ಪ್ರಜಾವಾಣಿ’ ಎರಡೂ ಸುರು ಮಾಡಿದ್ರು. ಬಾರ್ ಇದ್ದ ಕಟ್ಟಡದಾಗ ಆಫೀಸು.”

“ಅದಕ್ಕ ಬೆಳಗ್ಗೆದ್ದು ಓದದಿದ್ರ ಕೈ ನಡಗ್ತಾವ!”

“ಇನ್ನ ನಮ್ಮ ಲಾರಿ ಮಾಲಕ ವಿಜಯ ಸಂಕೇಶ್ವರ. 1999ರಾಗ ‘ವಿಜಯ ಕರ್ನಾಟಕ’ ತಗದ್ರು, 2006ರಾಗ ಟೈಮ್ಸ್ ಗ್ರೂಪಿಗೆ ಮಾರಿದ್ರು, 2012ರಾಗ ‘ವಿಜಯವಾಣಿ’ ತಂದ್ರು.”

“ಹಳೇ ಲಾರಿ ಕೊಟ್ಟು ಹೊಸಾದು ತಗೊಂಡಂಗ. ಇದೆಲ್ಲ ಎಲ್ಲಿ ಓದ್ತೀರಿ?”

“ಮಾರ್ಚ್ ತಿಂಗಳಾಗ ಪೇಪರಿನ ಮೂಲ್ಯಾಗ ಮಾಲಕತ್ವದ ವಿವರ ಹಾಕ್ತಾರ. ಇರಿವಿ ಹರದಂಥಾ ಅಕ್ಷರ. ಬಂಡವಾಳದಾಗ ಶೇ 1ಕ್ಕಿಂತ ಹೆಚ್ಚು ಪಾಲಿದ್ದವರ ಹೆಸರೂ ಇರ್ತಾವ.”

“ಅದರ ಮ್ಯಾಲ ನಾವು ಮಿರ್ಚಿ ಇಟ್ಟಿರ್ತೀವಿ.”

ಮಾಸ್ತರು ಕನ್ನಡಕ ತೆಗೆದರು. ಇನ್ನು ಹತ್ತು ನಿಮಿಷ ಯಾರೂ ಏಳುವಂತಿಲ್ಲ.

“ಖರೇ ಮಜಾ ಕೇಳ್ರಿ. ಹೆಸರಿನಾಗ ಶಿಕ್ಷಣ ಐತಲ್ಲ, ಆದಾಯ ತೆರಿಗಿ ಬಿಡ್ರಿ ಅಂತ ನಮ್ಮ ಟ್ರಸ್ಟ್ ಸುಪ್ರೀಂ ಕೋರ್ಟ್ ತನಕ ಹೋತು. 1975ರಾಗ ತೀರ್ಪು ಬಂತು. ಪೇಪರ್ ಓದಿದ್ರ ತಿಳುವಳಿಕಿ ಬರ್ತದ, ಖರೆ. ಹಂಗಂದ್ರ ಕಿಸೆಗಳ್ಳ ಪಾಕೀಟು ಎಗರಿಸಿದ್ರೂ ಬುದ್ಧಿ ಬರ್ತದ, ನೈಟ್ ಕ್ಲಬ್ಬಿಗೆ ಹೋದ್ರೂ ಜಗತ್ತು ತಿಳೀತದ. ಅದನ್ನೆಲ್ಲಾ ಕಾಯ್ದೆದಾಗ ಶಿಕ್ಷಣ ಅನ್ನಾಕ ಬರೂದಿಲ್ಲ, ತೆರಿಗಿ ಕಟ್ರಿ ಅಂದ್ರು.”

ಬಸ್ಯಾ ಕ್ರೀಡಾಪುಟ ಕೆಳಗಿಟ್ಟ. “ನೈಟ್ ಕ್ಲಬ್ ಅಂತ ಜಡ್ಜ್ ಸಾಹೇಬ್ರ ಬರದಾರ?”

“ನ್ಯಾಯಮೂರ್ತಿ ಎಚ್.ಆರ್. ಖನ್ನಾ. ಬೇಕಾದ್ರ ತೀರ್ಪು ತಗದು ನೋಡು.”

“ನೋಡ್ತೀನ್ರಿ. ನಾನೂ ಆ ವಿಷಯದಾಗ ಸ್ವಲ್ಪ ಶಿಕ್ಷಣ ತಗೋಬೇಕಂತಿದ್ದೆ.”

ಅಷ್ಟರಲ್ಲಿ ಚಹಾದ ಹುಡುಗ ಲೆಕ್ಕ ಹೇಳಿದ. ಮಾಸ್ತರು ಎದೆ ಕಿಸೆ ಮುಟ್ಟಿ ನೋಡಿಕೊಂಡರು, ಆಮೇಲೆ ಎರಡೂ ಪಕ್ಕದ ಕಿಸೆ. ಪಾಕೀಟು ಮನೆಯಲ್ಲೇ ಉಳಿದಿತ್ತು. ಬಸ್ಯಾ ಎಂದಿನಂತೆ ಫೋನಿನಲ್ಲಿ ಮಾತಾಡುತ್ತ ರಸ್ತೆಗೆ ಹೋದ. ದುಡ್ಡು ಕೊಟ್ಟವನು ನಾನು.

“ನೋಡಪಾ,” ಮಾಸ್ತರು ಕನ್ನಡಕ ಹಾಕಿಕೊಂಡು ಅಂದರು, “ಇದಕ್ಕೂ ತೆರಿಗಿ ವಿನಾಯ್ತಿ ಸಿಗೂದಿಲ್ಲ.”