ಲಿಬ್‌ಪಿಎನ್‌ಜಿ ಇದ್ದರೂ ಕಾನ್ಫಿಗರ್ ‘ನೋ’ ಅನ್ನುತ್ತಿದೆ

ಪ್ರಶ್ನೆ:
ಬಿಲ್ಡ್‌ಗೆ ಮೊದಲು ಸಿಸ್ಟಂನಲ್ಲಿ ಬೇಕಾದದ್ದೆಲ್ಲ ಇದೆಯೇ ಎಂದು ಪರೀಕ್ಷಿಸುವ ‘ಕಾನ್ಫಿಗರ್’ ಸ್ಕ್ರಿಪ್ಟ್ ಓಡಿಸುತ್ತಿದ್ದೇನೆ. ಲಿಬ್‌ಪಿಎನ್‌ಜಿ (ಪಿಎನ್‌ಜಿ ಚಿತ್ರಗಳ ಲೈಬ್ರರಿ), ಅದಕ್ಕೆ ಬೇಕಾದ ಜೆಡ್‌ಲಿಬ್ (ಕಂಪ್ರೆಷನ್ ಲೈಬ್ರರಿ) ಎರಡನ್ನೂ ಸ್ಟ್ಯಾಟಿಕ್ ಆಗಿ (ಕೋಡ್ ಪ್ರೋಗ್ರಾಂ ಒಳಗೇ ಸೇರುವಂತೆ) ಬಿಲ್ಡ್ ಮಾಡಿ ಬೇರೆ ಫೋಲ್ಡರ್‌ನಲ್ಲಿ ಇಟ್ಟಿದ್ದೇನೆ. ಸಿಪಿಪಿಫ್ಲ್ಯಾಗ್ಸ್‌ನಲ್ಲಿ (ಕಂಪೈಲ್‌ಗೆ ಹೋಗುವ ಆಪ್ಷನ್‌ಗಳು) ಹೆಡರ್ ಪಾತ್ ಇದೆ. ಎಲ್‌ಡಿಫ್ಲ್ಯಾಗ್ಸ್‌ನಲ್ಲಿ (ಲಿಂಕ್‌ಗೆ ಹೋಗುವ ಆಪ್ಷನ್‌ಗಳು) ಲೈಬ್ರರಿ ಪಾತ್ ಜೊತೆಗೆ -ಎಲ್‌ಜೆಡ್ -ಎಲ್‌ಎಂ (ಜೆಡ್‌ಲಿಬ್, ಗಣಿತ ಲೈಬ್ರರಿಗಳನ್ನು ಸೇರಿಸಲು) ಕೂಡ ಇವೆ. ಹೆಡರ್ ಚೆಕ್ ಪಾಸ್ ಆಗುತ್ತದೆ, ಆದರೆ ‘ಪಿಎನ್‌ಜಿ_ಕ್ರಿಯೇಟ್_ರೀಡ್_ಸ್ಟ್ರಕ್ಟ್’ ಎಂಬ ಲಿಬ್‌ಪಿಎನ್‌ಜಿ ಫಂಕ್ಷನ್‌ನ ಚೆಕ್‌ಗೆ ‘ನೋ’ ಬರುತ್ತದೆ. ಬೇಗ ಮುಗಿಯಲಿ ಅಂತ ಚೆಕ್‌ಗಳ ಫಲಿತಾಂಶವನ್ನು ಕಾನ್ಫಿಗ್.ಕ್ಯಾಶ್ ಫೈಲಿನಲ್ಲಿ ಉಳಿಸಿಡುವ ಕ್ಯಾಪಿಟಲ್ -ಸಿ ಆಪ್ಷನ್ ಹಾಕಿದ್ದೇನೆ.

ಉತ್ತರ 1:
‘ನೋ’ ಅಂದರೆ ಲೈಬ್ರರಿ ಸಿಗಲಿಲ್ಲ ಅಂತಲೇ ಅರ್ಥವಲ್ಲ. ಕಾನ್ಫಿಗರ್ ಒಂದು ಪುಟ್ಟ ಕಾನ್‌ಫ್‌ಟೆಸ್ಟ್.ಸಿ ಬರೆದು, ಕಂಪೈಲ್ ಮಾಡಿ, ಲಿಂಕ್ ಮಾಡಿ ನೋಡುತ್ತದೆ. ಅದು ಯಾವ ಕಾರಣಕ್ಕೆ ಕೆಟ್ಟರೂ ಪರದೆ ಮೇಲೆ ಕಾಣುವುದು ಅದೇ ‘ನೋ’. ಅಸಲಿ ಎರರ್ ಕಾನ್ಫಿಗ್.ಲಾಗ್‌ನಲ್ಲಿರುತ್ತದೆ. ಮೊದಲು ಕಾನ್ಫಿಗ್.ಕ್ಯಾಶ್ ಅಳಿಸಿ, -ಸಿ ಇಲ್ಲದೆ ಮತ್ತೆ ಓಡಿಸಿ. ಇಲ್ಲದಿದ್ದರೆ ಲಾಗ್‌ನಲ್ಲೂ ‘ಕ್ಯಾಶ್ಡ್’ ಅಂತ ಮಾತ್ರ ಸಿಗುತ್ತದೆ. ಆಮೇಲೆ ಲಾಗ್‌ನಲ್ಲಿ ಆ ಫಂಕ್ಷನ್ ಹೆಸರು ಹುಡುಕಿ, ಅದರ ಕೆಳಗಿನ ಸಾಲುಗಳನ್ನು ಇಲ್ಲಿ ಹಾಕಿ. ಫೈಲಿನ ಕೊನೆಯಲ್ಲಿ ಬರೀ ವೇರಿಯಬಲ್‌ಗಳ ಪಟ್ಟಿ ಇರುತ್ತದೆ, ಅಲ್ಲಿಂದ ಶುರು ಮಾಡಬೇಡಿ.

ಪ್ರಶ್ನೆ ಕೇಳಿದವರು:
ಸಿಕ್ಕಿತು ಸರ್.
ಜಿಸಿಸಿ -ಓ ಕಾನ್‌ಫ್‌ಟೆಸ್ಟ್ … -ಎಲ್‌ಜೆಡ್ -ಎಲ್‌ಎಂ ಕಾನ್‌ಫ್‌ಟೆಸ್ಟ್.ಸಿ -ಎಲ್‌ಪಿಎನ್‌ಜಿ
ಅನ್‌ಡಿಫೈನ್ಡ್ ರೆಫರೆನ್ಸ್ ಟು ‘ಇನ್‌ಫ್ಲೇಟ್’
ಅನ್‌ಡಿಫೈನ್ಡ್ ರೆಫರೆನ್ಸ್ ಟು ‘ಸಿಆರ್‌ಸಿ32’

ಉತ್ತರ 1:
ತಪ್ಪು ಆ ಮೊದಲ ಸಾಲಲ್ಲೇ ಇದೆ. ಲಿಂಕರ್ (ಕಂಪೈಲ್ ಆದ ಕೋಡನ್ನು ಲೈಬ್ರರಿಗಳ ಜೊತೆ ಜೋಡಿಸುವ ಪ್ರೋಗ್ರಾಂ) ಎಡದಿಂದ ಬಲಕ್ಕೆ ಓದುತ್ತದೆ. -ಎಲ್‌ಜೆಡ್ ಎದುರಾದಾಗ ಜೆಡ್‌ಲಿಬ್‌ನ ‘ಇನ್‌ಫ್ಲೇಟ್’ ಫಂಕ್ಷನ್ ಬೇಕು ಅಂತ ಇನ್ನೂ ಯಾರೂ ಕೇಳಿಲ್ಲ, ಹಾಗಾಗಿ ಸ್ಟ್ಯಾಟಿಕ್ ಫೈಲಿನಿಂದ ಏನನ್ನೂ ಎತ್ತಿಕೊಳ್ಳದೆ ಮುಂದೆ ಹೋಗುತ್ತದೆ. ಕೊನೆಗೆ -ಎಲ್‌ಪಿಎನ್‌ಜಿ ಕೇಳುವಾಗ ಹಿಂದೆ ತಿರುಗಿ ನೋಡುವುದಿಲ್ಲ. ಶೇರ್ಡ್ (ಪ್ರೋಗ್ರಾಂ ಓಡುವಾಗ ಜೋಡಣೆಯಾಗುವ) ಜೆಡ್‌ಲಿಬ್ ಇದ್ದರೆ ಇದು ಪಾಸ್ ಆಗಲೂಬಹುದು. ಆದರೆ ‘ಆ್ಯಸ್-ನೀಡೆಡ್’ (ಅಲ್ಲಿಯವರೆಗೆ ಯಾರೂ ಕೇಳದ ಶೇರ್ಡ್ ಲೈಬ್ರರಿಯನ್ನು ಕೈಬಿಡುವ ಲಿಂಕರ್ ಆಪ್ಷನ್) ಡೀಫಾಲ್ಟ್ ಆಗಿರುವ ಸಿಸ್ಟಂನಲ್ಲಿ ಅದೂ ಕೈಕೊಡುತ್ತದೆ.

ಎಲ್‌ಡಿಫ್ಲ್ಯಾಗ್ಸ್‌ನಲ್ಲಿ ಪಾತ್ ಮಾತ್ರ ಇರಲಿ, ಲೈಬ್ರರಿ ಹೆಸರುಗಳನ್ನು ಲಿಬ್ಸ್ ಎಂಬ ವೇರಿಯಬಲ್‌ಗೆ ಸಾಗಿಸಿ:
./ಕಾನ್ಫಿಗರ್ ಲಿಬ್ಸ್="-ಎಲ್‌ಜೆಡ್ -ಎಲ್‌ಎಂ"
ಆಗ ಅವು -ಎಲ್‌ಪಿಎನ್‌ಜಿ ನಂತರ ಬಂದು ಕೂರುತ್ತವೆ. ಬೇರೆ ಏನೇನು ಬೇಕು ಅನ್ನುವ ಅನುಮಾನವಿದ್ದರೆ ಪಿಕೆಜಿ-ಕಾನ್ಫಿಗ್‌ಗೆ (ಲೈಬ್ರರಿಗೆ ಬೇಕಾದ ಆಪ್ಷನ್‌ಗಳನ್ನು ಹೇಳುವ ಟೂಲ್) --ಸ್ಟ್ಯಾಟಿಕ್ --ಲಿಬ್ಸ್ ಕೊಟ್ಟು ಕೇಳಿ. ಕಾನ್ಫಿಗರ್.ಎಸಿ (ಕಾನ್ಫಿಗರ್ ತಯಾರಾಗುವ ಮೂಲ ಫೈಲ್) ನಿಮ್ಮದೇ ಆಗಿದ್ದರೆ ಲೈಬ್ರರಿ ಚೆಕ್ ಮಾಡುವ ಮ್ಯಾಕ್ರೋ ಎಸಿ_ಚೆಕ್_ಲಿಬ್‌ನ 5ನೇ ಆರ್ಗ್ಯುಮೆಂಟ್‌ನಲ್ಲೇ ಈ ಎರಡನ್ನೂ ಬರೆದುಬಿಡಿ, ಬಳಸುವವರಿಗೆ ಈ ತಲೆನೋವೇ ಇರುವುದಿಲ್ಲ.

ಪ್ರಶ್ನೆ ಕೇಳಿದವರು:
ಈಗ ‘ಯೆಸ್’ ಬಂತು! ಆದರೆ ಕೆಳಗಿನ ಇನ್ನೊಂದು ಚೆಕ್ ‘ನೋ’. ಲಾಗ್‌ನಲ್ಲಿ ‘ಇಂಪ್ಲಿಸಿಟ್ ಡಿಕ್ಲರೇಷನ್ ಆಫ್ ಫಂಕ್ಷನ್ ಎಕ್ಸಿಟ್’ ಅಂತಿದೆ. ಕಂಪೈಲರ್ ಜಿಸಿಸಿ 14.

ಉತ್ತರ 2:
ಇದಕ್ಕೂ ಲೈಬ್ರರಿಗೂ ಸಂಬಂಧವಿಲ್ಲ, ಚೆಕ್ ಪ್ರೋಗ್ರಾಮೇ ಹಳೆಯದು. ಮೊದಲು ಬರೀ ವಾರ್ನಿಂಗ್ ಆಗಿದ್ದದ್ದು ಜಿಸಿಸಿ 14ರಿಂದ ಎರರ್. ಚೆಕ್ ಒಳಗೆ ‘ಎಕ್ಸಿಟ್’ ಡಿಕ್ಲರೇಷನ್ ಇರುವ ಹೆಡರ್ ಎಸ್‌ಟಿಡಿಲಿಬ್.ಎಚ್ ಸೇರಿಸಿ, ಕಾನ್ಫಿಗರ್ ಮತ್ತೆ ತಯಾರಾಗಲು ಆಟೋರೀಕಾನ್ಫ್ -ಎಫ್‌ಐ ಓಡಿಸಿ. ತುರ್ತಿಗೆ ಸಿಫ್ಲ್ಯಾಗ್ಸ್‌ನಲ್ಲಿ -ಎಫ್‌ಪರ್ಮಿಸಿವ್ (ಇಂಥ ಎರರ್ ಮತ್ತೆ ವಾರ್ನಿಂಗ್ ಆಗುವಂತೆ ಮಾಡುವ ಆಪ್ಷನ್) ಹಾಕಿದರೂ ನಡೆಯುತ್ತದೆ, ಆದರೆ ಅದನ್ನೇ ಕಾಯಂ ಮಾಡಿದರೆ ನಿಮ್ಮ ಕೋಡಿನ ನಿಜವಾದ ತಪ್ಪುಗಳೂ ಮುಚ್ಚಿಹೋಗುತ್ತವೆ. -ವೆರರ್ (ವಾರ್ನಿಂಗ್‌ಗಳನ್ನು ಎರರ್ ಮಾಡುವ ಆಪ್ಷನ್) ಬಳಸುವ ಅಭ್ಯಾಸವಿದ್ದರೆ ಅದನ್ನು ಕಾನ್ಫಿಗರ್‌ಗೆ ಕೊಡಬೇಡಿ, ಮೇಕ್ ಓಡಿಸುವಾಗ ಕೊಡಿ. ಕಾನ್‌ಫ್‌ಟೆಸ್ಟ್‌ನ ಒಂದು ಸಣ್ಣ ವಾರ್ನಿಂಗ್ ಕೂಡ, ಕಾನ್ಫಿಗರ್‌ಗೆ ಕೊಟ್ಟರೆ, ‘ನೋ’ ಆಗಿಬಿಡುತ್ತದೆ.